ಇಸಾರ ಪತ್ರದಲ್ಲಿ ಇಲ್ಲದ ಒಂದು ಸಾಲು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಊರು ಯಾವುದೇ ಇರಲಿ, ಮನೆ ವ್ಯಾಪಾರ ಕುದುರುವ ರೀತಿ ಹೆಚ್ಚುಕಡಿಮೆ ಒಂದೇ. ರಜೆಯ ದಿನ ನೋಡಿ ದಲಾಲಿಯವರು ಕರೆದುಕೊಂಡು ಹೋಗುತ್ತಾರೆ. ಪಡಸಾಲೆ, ಎರಡು ಖೋಲಿ, ಅಡುಗೆಮನೆ, ಹಿಂದೆ ಬಚ್ಚಲು, ಸಂಡಾಸ. ಮೆಟ್ಟಿಲು ಹತ್ತಿ ಮಾಳಿಗೆಯ ಮೇಲೆ ಒಂದು ಸುತ್ತು. "ಬೋರಿಗೆ ನೀರು ಅವ ಏನ್ರಿ?" "ಬ್ಯಾಸಗ್ಯಾಗೂ ನಿಂತಿಲ್ರಿ." ಅಷ್ಟರಲ್ಲಿ ಚಹಾ ಬರುತ್ತದೆ. ಚಹಾ ಮುಗಿಯುವಷ್ಟರಲ್ಲಿ ದಲಾಲಿಯವರು ಕಿವಿಯಲ್ಲಿ ಹೇಳುತ್ತಾರೆ: "ಇನ್ನೊಬ್ಬ ಗಿರಾಕಿ ಬಂದು ಹೋಗ್ಯಾನ್ರಿ. ನಾಳಿ ಇಸಾರ ಕೊಡ್ತೀನಿ ಅಂದಾನ. ನೀವು ಇವತ್ತ ಮುಗಿಸಿಬಿಡ್ರಿ."

ಸಂಜೆಗೆ ಕಾಕಾ, ಮಾವ, ಪರಿಚಯದ ವಕೀಲರು ಸೇರುತ್ತಾರೆ. ಉತಾರ, ಟ್ಯಾಕ್ಸ್ ಕಟ್ಟಿದ ರಸೀದಿ, ಹಳೆಯ ಖರೀದಿ ಪತ್ರದ ಝೆರಾಕ್ಸ್ ಕೈಯಿಂದ ಕೈಗೆ ಹೋಗುತ್ತವೆ. ಹಿರಿಯರೊಬ್ಬರು ಚಕ್ಕುಬಂದಿ ಗಟ್ಟಿಯಾಗಿ ಓದಿಸುತ್ತಾರೆ. ಕಾಗದ ಸರಿ ಇವೆ ಎಂದಾದರೆ ಇಸಾರ, ಅಂದರೆ ಮುಂಗಡ, ಕೈಬದಲಾಗುತ್ತದೆ, ಸ್ಟ್ಯಾಂಪ್ ಪೇಪರಿನ ಮೇಲೆ ಸಹಿ ಬೀಳುತ್ತದೆ. ಗೋಡೆ ಯಾವ ಮಣ್ಣಿನ ಮೇಲೆ ನಿಂತಿದೆ, ಪಾಯ ಎಷ್ಟು ಆಳ ಇದೆ, ಮಾಳಿಗೆಯ ಫರ್ಸಿ ಕಲ್ಲಿನ ಕೆಳಗಿನ ಕಬ್ಬಿಣದ ತೊಲೆ ಎಷ್ಟು ತುಕ್ಕು ತಿಂದಿದೆ ಎಂದು ಆ ಸಂಜೆ ಯಾರೂ ಕೇಳುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ದುಡಿದು ಕೂಡಿಟ್ಟ ಪಿ.ಎಫ್. ದುಡ್ಡು, ಜೊತೆಗೆ ಹೆಂಡತಿಯ ಬಂಗಾರ, ಮೇಲಷ್ಟು ಬ್ಯಾಂಕಿನ ಸಾಲ ಎಲ್ಲವೂ ಇಪ್ಪತ್ತು ನಿಮಿಷ ನೋಡಿದ ಗೋಡೆಗಳ ಮೇಲೆ ಬೀಳುತ್ತವೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ನಮ್ಮ ಭಾಗದ ಮಕ್ಕಳು ಈಗ ಅಮೆರಿಕದ ಬಾಸ್ಟನ್, ಡಲ್ಲಾಸ್ ಕಡೆ ಮನೆ ಕೊಳ್ಳುತ್ತಿದ್ದಾರೆ. ಅಲ್ಲಿ ಕರಾರಿಗೆ ಒಂದು ಷರತ್ತು ಸೇರಿಸುವುದು ವಾಡಿಕೆ: ಪರೀಕ್ಷಕರನ್ನು ಕರೆಸಿ ಮನೆ ತಪಾಸಣೆ ಮಾಡಿಸುತ್ತೇನೆ, ದೊಡ್ಡ ದೋಷ ಕಂಡರೆ ಮುಂಗಡ ವಾಪಸ್ ಪಡೆದು ಹಿಂದೆ ಸರಿಯುತ್ತೇನೆ. ಕೊರೊನಾದ ನಂತರ ಅಲ್ಲಿ ಮನೆಗಳಿಗೆ ನೂಕುನುಗ್ಗಲಾದಾಗ, ಮನೆ ತಮಗೇ ಸಿಗಲಿ ಎಂದು ಜನ ಈ ಷರತ್ತನ್ನೇ ಬಿಟ್ಟುಕೊಟ್ಟು ಬೆಲೆ ಕೂಗಿದರು. ಗೃಹಪ್ರವೇಶ ಆದ ಮೇಲೆ ಪಾಯ ಸೋರುವುದು, ಚಾವಣಿ ಕೊಳೆತಿರುವುದು ಗೊತ್ತಾಗಿ ಗೋಳಾಡಿದವರು ಎಷ್ಟೋ ಮಂದಿ. ಕೊನೆಗೆ ಮ್ಯಾಸಚೂಸೆಟ್ಸ್ ರಾಜ್ಯ 2024ರಲ್ಲಿ ಕಾಯ್ದೆ ತಂದು, ತಪಾಸಣೆ ಬಿಟ್ಟುಕೊಟ್ಟವರಿಗೇ ಮನೆ ಎಂದು ಮಾರುವವರು ಪಟ್ಟು ಹಿಡಿಯದಂತೆ ಮಾಡಿತು. ಅದರ ನಿಯಮ 2025ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ ಮಾರುವವರೇ ತಜ್ಞರಿಂದ ಮನೆಯ ವರದಿ ಬರೆಸಿ ಕೊಳ್ಳುವವರ ಕೈಗೆ ಕೊಡಬೇಕು.

ಅಮೆರಿಕದವರು ಇದ್ದ ಹಕ್ಕನ್ನು ಬಿಟ್ಟುಕೊಟ್ಟು ಪೆಟ್ಟು ತಿಂದರು. ನಮ್ಮಲ್ಲಿ ಕೇಳುವ ರೂಢಿಯೇ ಬೆಳೆದಿಲ್ಲ. ಕೇಳದೆಯೇ ಬಿಟ್ಟುಕೊಡುತ್ತೇವೆ. ನೆಲ, ಕಲ್ಲು, ನದಿ ಮೂರೂ ಎಚ್ಚರ ಬೇಡುವ ನಮ್ಮ ಸೀಮೆಯಲ್ಲೇ ಹೀಗೆ ಮಾಡುತ್ತೇವೆ.

ನೆಲದಿಂದಲೇ ಶುರು ಮಾಡೋಣ. ಈ ಊರುಗಳ ಕೆಳಗೆ ಹಾಸಿರುವುದು ಭೂವಿಜ್ಞಾನಿಗಳು ಭೀಮಾ ಪಾತ್ರ ಎನ್ನುವ ಸುಣ್ಣಕಲ್ಲಿನ ಪದರ. ಅದರ ಒಂದು ಪದರಕ್ಕೆ ಶಹಾಬಾದಿನ ಹೆಸರನ್ನೇ ಇಟ್ಟಿದ್ದಾರೆ. ಚಿಂಚೋಳಿಯ ಕಡೆ ಹೋದರೆ ಮೇಲೆ ದಖ್ಖನ್ನಿನ ಕರಿಕಲ್ಲು, ಕೆಂಪು ಜಂಬಿಟ್ಟಿಗೆ. ಈ ಸುಣ್ಣಕಲ್ಲು ಹಾಳೆ ಹಾಳೆಯಾಗಿ ಕೂತಿದೆ. ಸುತ್ತಿಗೆ, ಉಳಿ ಹಿಡಿದ ಕೈಗೆ ಪದರ ಪದರವಾಗಿ ಬಿಡಿಸಿಕೊಂಡು ಬರುತ್ತದೆ. ಅದಕ್ಕೇ ಶಹಾಬಾದಿ ಫರ್ಸಿ ದೇಶದ ತುಂಬ ಹರಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ಆಯಿತು. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. ವಾಡಿಯ ಎಸಿಸಿ ಕಾರ್ಖಾನೆ 1968ರದು. ಆಮೇಲೆ ಮಳಖೇಡ, ಸೇಡಂ, ಇಟಗಾ ಸುತ್ತ ಒಂದಾದ ಮೇಲೊಂದು ಚಿಮಣಿ ಎದ್ದವು. ಈ ಕಲ್ಲಿನ ಬಾಳಿಕೆಯ ಬಗ್ಗೆ ಅನುಮಾನ ಇದ್ದವರು ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಿ ಬರಬೇಕು. ಅಲ್ಲಿನ ಬೌದ್ಧ ಸ್ತೂಪದ ಫಲಕಗಳು ಇಲ್ಲಿನ ಸುಣ್ಣಕಲ್ಲಿನವೇ. ರಾಯೋ ಅಸೋಕೋ ಎಂಬ ಬರಹದ ಸಮೇತ ಸಾಮ್ರಾಟ ಅಶೋಕನ ಶಿಲ್ಪ ಎರಡು ಸಾವಿರ ವರ್ಷ ಮಣ್ಣಡಿ ಇದ್ದು ಎದ್ದು ಬಂದಿದೆ.

ಹಾಗಾಗಿ ಕಲ್ಲು ಗಟ್ಟಿ, ಅದರ ಮಾತೇ ಬೇಡ. ಪ್ರಶ್ನೆ ಇರುವುದು ಅದನ್ನು ಮನೆಯಲ್ಲಿ ಹೇಗೆ ಕೂರಿಸಿದ್ದಾರೆ ಎಂಬುದರಲ್ಲಿ. ಹಳೆಯ ಓಣಿಗಳ ಮನೆ ನೋಡಿ: ಎರಡಡಿ ದಪ್ಪದ ಕಲ್ಲಿನ ಗೋಡೆ, ಕಲ್ಲಿನ ನಡುವೆ ಮಣ್ಣು, ಅನುಕೂಲ ಇದ್ದವರ ಮನೆಯಲ್ಲಿ ಗಚ್ಚು. ಮೇಲೆ ಜಂತಿ ಅಥವಾ ಕಬ್ಬಿಣದ ತೊಲೆ, ಅದರ ಮೇಲೆ ಅಡ್ಡಡ್ಡ ಫರ್ಸಿ, ಫರ್ಸಿಯ ಮೇಲೆ ಮಣ್ಣು. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮೇಲೆ ಇನ್ನಷ್ಟು ಮಣ್ಣು ಹಾಕುತ್ತ ಬಂದ ಮಾಳಿಗೆಯ ಭಾರ ತಲೆಮಾರಿನಿಂದ ತಲೆಮಾರಿಗೆ ಏರಿರುತ್ತದೆ. ಬೇಸಿಗೆಯಲ್ಲಿ ತಂಪಾಗಿರುವ ಈ ಮನೆಗಳನ್ನು ನಾನು ಪ್ರೀತಿಸುತ್ತೇನೆ. ಕಲಬುರಗಿ ಜಿಲ್ಲೆಯ ಬಿಸಿಲಿಗೆ ಇವಕ್ಕಿಂತ ಒಳ್ಳೆಯ ಉತ್ತರ ಸಿಮೆಂಟಿನವರು ಇನ್ನೂ ಕೊಟ್ಟಿಲ್ಲ. ಆದರೆ ಪ್ರೀತಿ ಬೇರೆ, ಖರೀದಿ ಬೇರೆ. ಗೋಡೆಯೊಳಗೆ ತೊಲೆ ಕೂತ ಜಾಗದಲ್ಲಿ ನೀರಿಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಅಕ್ಕಪಕ್ಕದ ಕಲ್ಲನ್ನು ಸೀಳುತ್ತದೆ. ಕೆಳಗೆ ನಿಂತವರಿಗೆ ಕಾಣುವುದು ಸುಣ್ಣ ಬಳಿದ ಗೋಡೆ ಮಾತ್ರ.

ಇನ್ನು ಮಣ್ಣು. ಕಲ್ಲು ಮೇಲೆ ಬಂದ ಕಡೆ ಪಾಯ ನಿಶ್ಚಿಂತೆ. ನಾಲ್ಕು ಹೆಜ್ಜೆ ಆಚೆಗೆ ಯರಿ ಭೂಮಿ ಇದ್ದರೆ ಕಥೆಯೇ ಬೇರೆ. ತೊಗರಿಗೆ ವರವಾದ ಈ ಕಪ್ಪು ಮಣ್ಣು ಮನೆಗೆ ಶತ್ರು. ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಸೊರಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುತ್ತದೆ. ಇದರ ಮೇಲೆ ಎರಡು, ಮೂರು ಅಡಿ ಪಾಯ ತೋಡಿ ಎಬ್ಬಿಸಿದ ಮನೆ ವರ್ಷಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬದ ಪಾಯವನ್ನು ರೂಪಿಸಿ ದಶಕಗಳಾದವು. ಆಳವಾದ ಎರೆಮಣ್ಣಿನಲ್ಲಿ ಅದು ಕನಿಷ್ಠ ಮೂರೂವರೆ ಮೀಟರ್ ಇಳಿಯಬೇಕು, ಯಾಕೆಂದರೆ ಮಳೆ ಬಿಸಿಲಿನ ಆಟ ಅಷ್ಟು ಆಳಕ್ಕೆ ಮುಟ್ಟುವುದಿಲ್ಲ. ನಮ್ಮ ಲೇಔಟುಗಳಲ್ಲಿ ಎಷ್ಟು ಮನೆಗೆ ಅಂಥ ಪಾಯ ಇದೆ ಎಂದು ಕೊಳ್ಳುವವರು ಒಮ್ಮೆಯಾದರೂ ಕೇಳಬೇಕು. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಸೀಳು, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಂಡರೆ, ಅದು ಎರೆಮಣ್ಣಿನ ಸಹಿ. ದೀಪಾವಳಿಯ ಹೊತ್ತಿಗೆ, ನೆಲ ಇನ್ನೂ ಹಸಿ ಇದ್ದು ಸೀಳು ಮುಚ್ಚಿರುವಾಗ, ಹೊಸ ಬಣ್ಣ ಬಳಿದ ಮನೆಯನ್ನು ನೋಡಲು ಹೋಗುವವರಿಗೆ ಆ ಸಹಿ ಕಾಣುವುದೇ ಇಲ್ಲ.

ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಪ್ಲಾಟು ಕೊಳ್ಳುವವರು ಇನ್ನೊಂದು ಕೇಳಬೇಕು: ಇಲ್ಲಿ ಮೊದಲು ಖಣಿ ಇತ್ತೇ? ಕಲ್ಲು ತೆಗೆದು ಬಿಟ್ಟ ಗುಂಡಿಗೆ ಚೂರುಕಲ್ಲು, ಮುರುಮು, ಮಣ್ಣು ಸುರಿದು ಸಪಾಟು ಮಾಡಿದ ಜಾಗ ಮೇಲಿನಿಂದ ಯಾವ ಪ್ಲಾಟಿನಂತೆಯೂ ಕಾಣುತ್ತದೆ. ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತ ಇರುತ್ತದೆ. ಒಂದು ಮೂಲೆ ಗಟ್ಟಿ ಕಲ್ಲಿನ ಮೇಲೆ, ಇನ್ನೊಂದು ಮೂಲೆ ತುಂಬಿದ ಮಣ್ಣಿನ ಮೇಲೆ ಕೂತ ಮನೆ ನಡುವೆ ಸೀಳುತ್ತದೆ. ಇದನ್ನು ಪತ್ತೆ ಮಾಡಲು ದುಡ್ಡೇನೂ ಬೇಡ. ಗೂಗಲ್ ಅರ್ಥ್‌ನಲ್ಲಿ ಅದೇ ಜಾಗದ ಹಳೆಯ ವರ್ಷಗಳ ಉಪಗ್ರಹ ಚಿತ್ರ ಹಿಂದಕ್ಕೆ ಸರಿಸಿ ನೋಡಬಹುದು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ, ಹತ್ತಿರದ ಹಳ್ಳ, ಕೆರೆ ಕಾಣುತ್ತವೆ. ಊರಿನ ಹಳೆಯ ಗೌಂಡಿಯೊಬ್ಬರನ್ನು ಕೇಳಿದರಂತೂ ಯಾವ ಖಣಿ ಯಾವಾಗ ತುಂಬಿಸಿದರು ಎಂದು ಬೆರಳಿಟ್ಟು ತೋರಿಸುತ್ತಾರೆ.

ನದಿಯದು ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಅದು ಎಲ್ಲರ ಕಣ್ಣೆದುರಿಗೇ ಇದೆ. ಕಾಗಿಣಾ ತೆಲಂಗಾಣದಿಂದ ಇಳಿದು ಸೇಡಂ, ಚಿತ್ತಾಪುರ ಹಾದು ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಚಿಂಚೋಳಿಗೆ ಮುಲ್ಲಾಮಾರಿ ಇದೆ. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ ರಾಷ್ಟ್ರಕೂಟರ ಮಳಖೇಡದ ಓಣಿಗಳಿಗೆ ನುಗ್ಗಿತು. ದಂಡೋತಿಯ ಸೇತುವೆ ಮುಳುಗುವುದು ಮಳೆಗಾಲದ ಮಾಮೂಲು ಸುದ್ದಿ. ಬೇಸಿಗೆಯಲ್ಲಿ ಮನೆ ನೋಡುವವರು ಗೋಡೆಯ ಬುಡದಿಂದ ಸೊಂಟದೆತ್ತರದವರೆಗೆ ನೀರಿನ ಗೆರೆ ಇದೆಯೇ ನೋಡಬೇಕು, ಪಕ್ಕದ ಮನೆಯವರನ್ನು ಕೇಳಬೇಕು. ಮಾರುವವರು ಹೇಳದ್ದನ್ನು ನೆರೆಯವರು ಹೇಳುತ್ತಾರೆ.

ಈಗ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರಕ್ಕೆ ಬರೋಣ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ನೆಲದೊಳಗಿಂದ ಸದ್ದು ಬಂದು ಮನೆ ನಡುಗಿದವು. 11ನೇ ತಾರೀಖಿನ ರಾತ್ರಿಯ ಕಂಪನ ಮಾಪಕದಲ್ಲಿ 4.1 ತೋರಿಸಿತು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಊರು ಬಿಟ್ಟವು. ಮಳೆಗಾಲ ಮುಗಿಯುವ ಹೊತ್ತಿಗೆ ಸುಣ್ಣಕಲ್ಲಿನ ಬಿರುಕು, ಪೊಟರೆಗಳಿಗೆ ಇಳಿದ ನೀರು ಇಂಥ ನಡುಕಕ್ಕೆ ಕಾರಣ ಎಂದು ತಜ್ಞರು ವಿವರಿಸಿದರು. ಭಾರತದ ಭೂಕಂಪ ಸಂಹಿತೆಯ 2002 ಮತ್ತು 2016ರ ಆವೃತ್ತಿಗಳಲ್ಲಿ ಕಲಬುರಗಿ ಇರುವುದು ಎರಡನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲಿ. ಆ ಪಟ್ಟಿಯನ್ನು ನೆಚ್ಚಿ ಮಲಗುವಂತಿಲ್ಲ. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯೂ 1993ರವರೆಗೆ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಆ ವರ್ಷದ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2ರ ಕಂಪನಕ್ಕೆ ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. ನಮ್ಮ ಕಡೆಯೂ ಅವತ್ತು ಪಾತ್ರೆ ಉರುಳಿದ್ದು, ಜನ ಬೀದಿಗೆ ಓಡಿದ್ದು ಹಿರಿಯರಿಗೆ ನೆನಪಿದೆ. ಕಿಲ್ಲಾರಿಯಲ್ಲಿ ಜೀವ ತೆಗೆದ ಮನೆಗಳು ನಮ್ಮ ಹಳೆಯ ಮನೆಗಳ ಹಾಗೆಯೇ ಇದ್ದವು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಗೋಡೆಯ ಒಳಮೈ ಒಂದು ಸಾಲು, ಹೊರಮೈ ಒಂದು ಸಾಲು, ನಡುವೆ ಚೂರುಕಲ್ಲು. ಎರಡೂ ಮೈಯನ್ನು ಕಚ್ಚಿ ಹಿಡಿಯುವ ಉದ್ದಕಲ್ಲು ಇಲ್ಲದ್ದರಿಂದ ನಡುಗಿದ ಕೂಡಲೇ ಗೋಡೆ ಎರಡು ಹೋಳಾಗಿ ಬಿಚ್ಚಿಕೊಂಡಿತು. ಅಂಥ ಉದ್ದಕಲ್ಲು ಎರಡೆರಡು ಅಡಿ ಎತ್ತರಕ್ಕೆ, ನಾಲ್ಕಡಿಗೊಂದರಂತೆ ಇರಬೇಕು ಎಂದು ಅದೇ 1993ರ ಭಾರತೀಯ ಮಾನಕವೊಂದು ಹೇಳುತ್ತದೆ. ಗೋಡೆಗೆ ಗಿಲಾವು ಆದ ಮೇಲೆ ಅದು ಇದೆಯೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗದು. ಒಂದೆರಡು ಕಡೆ ಗಿಲಾವು ಕೆತ್ತಿ ನೋಡಬೇಕು, ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು.

ಖಣಿಗಳ ಸ್ಫೋಟದ್ದೂ ಇಲ್ಲೇ ಹೇಳಿಬಿಡುತ್ತೇನೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರ ಸುತ್ತೋಲೆಯಲ್ಲಿ ಸುತ್ತಲಿನ ಜನರ ಮನೆಗಳಿಗೆ ಎಷ್ಟು ನಡುಕ ತಾಗಬಹುದು ಎಂದು ಮಿತಿ ಹಾಕಿದೆ. ನಿಧಾನ ಅಲೆಯ ನಡುಕವಾದರೆ ಸೆಕೆಂಡಿಗೆ 5 ಮಿಲಿಮೀಟರ್. ಖಣಿಯ ಆಸುಪಾಸಿನ ಹಳ್ಳಿಯಲ್ಲಿ ಮನೆ ಕೊಳ್ಳುವವರು ಸ್ಫೋಟದ ಹೊತ್ತಿಗೆ ಆ ಮನೆಯೊಳಗೆ ಒಮ್ಮೆ ಕೂತು ಬಂದರೆ ಬಹಳಷ್ಟು ತಿಳಿಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಜನ ಹೇಳುವ ಮಾತು: "ಮೋಸ ಆದ್ರ ಕೋರ್ಟ್ ಅದ ಅಲ್ರಿ." ಕೋರ್ಟ್ ಇದೆ, ಕಾನೂನೂ ಇದೆ. ಅದು ಏನು ಹೇಳುತ್ತದೆ ಎಂದು ಸರಿಯಾಗಿ ಓದಿಕೊಳ್ಳಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಮಾರುವವರು ಸ್ವತ್ತಿನ ಮುಖ್ಯ ದೋಷವನ್ನು ಕೊಳ್ಳುವವರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಆದರೆ ಯಾವ ದೋಷ? ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಧಾರಣ ಎಚ್ಚರದಿಂದ ನೋಡಿದರೂ ಕೊಳ್ಳುವವರ ಕಣ್ಣಿಗೆ ಬೀಳದಂಥದ್ದು. ಕಣ್ಣಿಗೆ ಬೀಳುವಂತಿದ್ದ ಸೀಳನ್ನು ನೀವು ನೋಡದೆ ಹೋದರೆ ಅದರ ಹೊಣೆ ನಿಮ್ಮದೇ. "ನನಗೂ ಗೊತ್ತಿರಲಿಲ್ಲ" ಎಂದು ಮಾರಿದವರು ಹೇಳಿದರೆ, ಗೊತ್ತಿತ್ತು ಎಂದು ಸಾಬೀತು ಮಾಡುವ ಭಾರವೂ ನಿಮ್ಮದೇ. ಎಲ್ಲಕ್ಕಿಂತ ದೊಡ್ಡದು, ಈ ರಕ್ಷಣೆ ಸಿಗುವುದು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ. "ಸದರಿ ಮನೆಯನ್ನು ಇದ್ದ ಸ್ಥಿತಿಯಲ್ಲೇ ಖುದ್ದು ನೋಡಿ ಒಪ್ಪಿ ಖರೀದಿಸಿರುತ್ತೇನೆ" ಎಂಬಂಥ ಸಾಲು ಪತ್ರದಲ್ಲಿ ಸೇರಿಬಿಟ್ಟಿದ್ದರೆ, ಅಮೆರಿಕದವರು ಬೆಲೆ ಕೂಗುವಾಗ ಬಿಟ್ಟುಕೊಟ್ಟದ್ದನ್ನು ನೀವು ಓದದೆ ಸಹಿ ಹಾಕಿ ಬಿಟ್ಟುಕೊಟ್ಟಿದ್ದೀರಿ.

ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಬಂದ ಮೇಲೆ ಭಯವಿಲ್ಲ ಎನ್ನುವವರೂ ಇದ್ದಾರೆ. 2016ರ ಆ ಕಾಯ್ದೆಯ 14ನೇ ಕಲಮು ನಿಜಕ್ಕೂ ಒಳ್ಳೆಯದು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡು ದೂರು ಕೊಟ್ಟರೆ ಬಿಲ್ಡರು 30 ದಿನದೊಳಗೆ ಪುಕ್ಕಟೆ ಸರಿಪಡಿಸಬೇಕು. ಅದು ಬಿಲ್ಡರುಗಳ ಯೋಜನೆಗೆ ಸಂಬಂಧಿಸಿದ್ದು. ನೆಲ 500 ಚದರ ಮೀಟರ್ ಮೀರದ ಅಥವಾ ಮನೆಗಳು ಎಂಟನ್ನು ಮೀರದ ಯೋಜನೆಗೆ ನೋಂದಣಿಯೇ ಬೇಕಿಲ್ಲ. ನಿವೃತ್ತರೊಬ್ಬರು ತಾವು ಕಟ್ಟಿಸಿದ ಮನೆಯನ್ನು ಇನ್ನೊಬ್ಬ ನೌಕರರಿಗೆ ಮಾರುವ ನಮ್ಮ ಊರಿನ ವ್ಯಾಪಾರಕ್ಕೆ ಅದು ತಾಗುವುದೇ ಇಲ್ಲ.

ಇಸಾರದ ದುಡ್ಡಿನ ಗತಿ ಇನ್ನೂ ಕಠಿಣ. ಕರಾರು ಪೂರೈಸುವ ಭರವಸೆಗೆಂದು ಕೊಟ್ಟ ಇಸಾರವನ್ನು, ಕೊಳ್ಳುವವರು ತಾವಾಗಿ ಹಿಂದೆ ಸರಿದರೆ, ಮಾರುವವರು ಉಳಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸತೀಶ್ ಬಾತ್ರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಸಾರ ಕೊಟ್ಟ ಮರುವಾರ ಎಂಜಿನಿಯರ್ ಕರೆತಂದು, ಮಾಳಿಗೆ ನಿಲ್ಲುವುದಿಲ್ಲ ಎಂದು ಗೊತ್ತಾಗಿ ನೀವು ಬೇಡ ಅಂದರೆ ದುಡ್ಡು ಹೋಗುವ ಸಂಭವವೇ ಹೆಚ್ಚು. ಬೇಕು ಅಂದರೆ ಮನೆ ಬೀಳುವ ಭಯ. ಈ ಇಕ್ಕಟ್ಟಿನಿಂದ ಪಾರಾಗಲು ಇಸಾರ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಹೀಗೆ ಬರೆಸಬಹುದು:

"ಈ ಪತ್ರದ ತಾರೀಖಿನಿಂದ ಹದಿನೈದು ದಿನಗಳೊಳಗೆ ಖರೀದಿದಾರರು ತಮ್ಮ ಖರ್ಚಿನಲ್ಲಿ ಸಿವಿಲ್ ಎಂಜಿನಿಯರ್ ಮೂಲಕ ಸದರಿ ಮನೆಯ ಪಾಯ, ಗೋಡೆ, ಮಾಳಿಗೆ, ನೀರು ಮತ್ತು ಕರೆಂಟಿನ ವ್ಯವಸ್ಥೆ ಪರೀಕ್ಷೆ ಮಾಡಿಸಲು ಮಾರಾಟಗಾರರು ಅವಕಾಶ ಕೊಡತಕ್ಕದ್ದು. ಮನೆಯ ಭದ್ರತೆಗೆ ಧಕ್ಕೆ ತರುವ ದೋಷ ಇದೆಯೆಂದು ಎಂಜಿನಿಯರ್ ಲಿಖಿತ ವರದಿ ಕೊಟ್ಟಲ್ಲಿ, ಉಭಯತರು ಒಪ್ಪಿ ದರ ಪುನಃ ನಿಗದಿ ಮಾಡತಕ್ಕದ್ದು. ಒಪ್ಪಿಗೆ ಆಗದಿದ್ದಲ್ಲಿ ಪೂರ್ತಿ ಇಸಾರ ಹಣವನ್ನು ಮಾರಾಟಗಾರರು ಏಳು ದಿನಗಳೊಳಗೆ ಹಿಂದಿರುಗಿಸತಕ್ಕದ್ದು."

ದಿನಗಳ ಲೆಕ್ಕ ನಿಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳಿ, ನಿಮ್ಮ ವಕೀಲರಿಗೆ ತೋರಿಸಿ. ಎಂಜಿನಿಯರ್ ಯಾರು ಎಂದು ಇಬ್ಬರೂ ಕೂಡಿ ಮೊದಲೇ ಹೆಸರಿಸಿದರೆ ಮುಂದೆ ಜಗಳ ಇರುವುದಿಲ್ಲ.

ಎಂಜಿನಿಯರ್ ಬರುವ ಮೊದಲು ಅನುಭವಸ್ಥ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗುವುದು ಲೇಸು. ಅವರು ನೋಡುವ ಕ್ರಮವನ್ನು ಹತ್ತಿರ ನಿಂತು ಗಮನಿಸಬೇಕು. ಬಣ್ಣ, ಟೈಲ್ಸ್ ಕಡೆ ಅವರ ಕಣ್ಣೇ ಹೋಗುವುದಿಲ್ಲ. ಒಳಗೆ ಹೋಗುತ್ತಲೇ ತಲೆ ಎತ್ತಿ ಫರ್ಸಿಯ ಸಂದಿ ನೋಡುತ್ತಾರೆ, ನೀರಿಳಿದ ಕಲೆ ಎಲ್ಲಿ ಶುರುವಾಗಿ ಎಲ್ಲಿಗೆ ಹರಿದಿದೆ ಎಂದು ಹುಡುಕುತ್ತಾರೆ. ಕೋಲಿನ ತುದಿಯಿಂದ ಒಂದೊಂದೇ ಫರ್ಸಿಗೆ ಕೆಳಗಿನಿಂದ ತಟ್ಟುತ್ತಾರೆ. ಗಟ್ಟಿ ಕಲ್ಲು ಖಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟ ಕಲ್ಲು ಬದ್ ಅನ್ನುತ್ತದೆ. ಬದ್ ಅಂದ ಕಲ್ಲಿಗೆ ಇದ್ದಿಲಿನಿಂದ ಗುರುತು ಹಾಕಿ ಮುಂದೆ ಹೋಗುತ್ತಾರೆ. ತೊಲೆ ಗೋಡೆಯೊಳಗೆ ಹೊಕ್ಕ ಜಾಗವನ್ನು ಮೊಳೆಯಿಂದ ಕೆರೆದು ತುಕ್ಕಿನ ಪದರ ಎಷ್ಟು ದಪ್ಪ ಉದುರುತ್ತದೆ ನೋಡುತ್ತಾರೆ. ಗೋಡೆಯ ತಲೆಯಿಂದ ಓಳಂಬದ ಗುಂಡು ಇಳಿಬಿಟ್ಟು, ಮೇಲೂ ಕೆಳಗೂ ದಾರ ಗೋಡೆಯಿಂದ ಒಂದೇ ಅಂತರದಲ್ಲಿದೆಯೇ ಎಂದು ಬೆರಳಿನಿಂದ ಅಳೆಯುತ್ತಾರೆ. ಗೋಡೆ ಹೊಟ್ಟೆ ಬಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಾಗಿಲು ಮುಚ್ಚಿ ತೆಗೆದು ನೋಡುತ್ತಾರೆ. ಚೌಕಟ್ಟು ಓರೆಯಾಗಿ ಬಾಗಿಲು ಉಜ್ಜಿದರೆ ನೆಲ ಸರಿದಿದೆ ಎಂದು ಲೆಕ್ಕ.

ಸೀಳು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಒಂದು ಸುಲಭದ ಉಪಾಯ ಇದೆ. ಸೀಳಿಗೆ ಅಡ್ಡಲಾಗಿ ಎರಡು ಬೆರಳಗಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಅದರ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದು ಬಿಡಬೇಕು. ಮತ್ತೆ ಬಂದು ನೋಡಿದಾಗ ಮೆತ್ತಿದ್ದು ಬಿರಿದಿದ್ದರೆ ಗೋಡೆ ಇನ್ನೂ ನಡೆಯುತ್ತಿದೆ. ಬಿರಿಯದಿದ್ದರೂ ಹದಿನೈದು ದಿನದಲ್ಲಿ ಎಲ್ಲ ಗೊತ್ತಾಗದು, ಎರೆಮಣ್ಣಿಗೆ ಒಂದು ಪೂರ್ತಿ ವರ್ಷದ ಚಕ್ರವೇ ಬೇಕು. ಆದರೆ ಏನೂ ನೋಡದೆ ಇರುವುದಕ್ಕಿಂತ ಇದು ಎಷ್ಟೋ ಮೇಲು. ಆರ್‌ಸಿಸಿ ಮನೆಯಾದರೆ ಎಂಜಿನಿಯರ್ ಸುತ್ತಿಗೆಯಂಥ ಸಣ್ಣ ಯಂತ್ರ ಒತ್ತಿ ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುತ್ತಾರೆ, ಶಬ್ದದ ಅಲೆ ಹಾಯಿಸಿ ಒಳಗಿನ ಪೊಳ್ಳು ಹುಡುಕುತ್ತಾರೆ. ಮೇಲೆ ಇನ್ನೊಂದು ಮಹಡಿ ಕಟ್ಟುವ ಆಸೆ ಇದ್ದವರು ಇದನ್ನು ಮಾಡಿಸಲೇಬೇಕು. "ಮ್ಯಾಲ ಇನ್ನೆರಡು ಮಜಲಿ ಎಬ್ಬಿಸಬಹುದ್ರಿ, ಪಾಯ ಭಾರಿ ಗಟ್ಟಿ ಅದ" ಎಂಬ ಮಾತಿಗೆ ಪಾಯದ ಪಕ್ಕ ಒಂದು ಗುಂಡಿ ತೋಡಿ ನೋಡುವುದೇ ತಕ್ಕ ಉತ್ತರ.

"ಬ್ಯಾಂಕಿನವರು ಬಂದು ನೋಡಿ ಲೋನ್ ಕೊಟ್ಟಾರಲ್ಲ" ಎಂದು ನೆಮ್ಮದಿ ತಂದುಕೊಳ್ಳುವವರು ಬಹಳ. ಬ್ಯಾಂಕಿನ ವ್ಯಾಲ್ಯುಯರ್ ನೋಡುವುದು ಬ್ಯಾಂಕಿನ ದುಡ್ಡು ಮರಳಿ ಬರುತ್ತದೆಯೇ ಎಂದು. ನಿಮ್ಮ ಮಾಳಿಗೆ ಸೋರುತ್ತದೆಯೇ ಎಂಬುದು ಅವರ ಕೆಲಸ ಅಲ್ಲ. ಸಾಲ ಮಂಜೂರಾದ ಮನೆ ಬಿರಿದರೂ ಕಂತು ನಿಮ್ಮ ಸಂಬಳದಿಂದಲೇ ಹೋಗುತ್ತದೆ.

ಕಾಗದದ ವಿಷಯ ಹೆಚ್ಚು ಬೆಳೆಸುವುದಿಲ್ಲ, ಅದರಲ್ಲಿ ನಮ್ಮ ಜನ ಹುಷಾರಾಗಿದ್ದಾರೆ. ಋಣಭಾರ ಪ್ರಮಾಣಪತ್ರ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲೇ ಸಿಗುತ್ತದೆ. 2024ರಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಮೇಲೆ ಮನೆ ಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ನಿಜಾಮರ ಕಾಲದ ಉರ್ದು ಕಾಗದ, 1954ರ ಖಾಸ್ರಾ ಪಹಣಿ ಇದ್ದರೆ ಓದಬಲ್ಲವರಿಂದ ಓದಿಸಿ. ಒಂದು ಮಾತು ಮಾತ್ರ ಒತ್ತಿ ಹೇಳಬೇಕು: ಪುರಸಭೆಯ ಪರವಾನಗಿ ಮತ್ತು ಅದರ ನಕ್ಷೆ ಕೇಳಿ ಪಡೆಯಿರಿ. ನಕ್ಷೆಯಲ್ಲಿ ಒಂದೇ ಮಜಲಿ ಇದ್ದು ಎದುರಿಗೆ ಮೂರು ನಿಂತಿದ್ದರೆ ಪಾಯ ಯಾವುದಕ್ಕೆ ಹಾಕಿದ್ದು ಎಂದು ಅಲ್ಲೇ ತಿಳಿಯುತ್ತದೆ.

ಇಷ್ಟಾದರೂ ಜನ ಕೇಳಲು ಹಿಂಜರಿಯುತ್ತಾರೆ, ಅದರ ಕಾರಣ ನನಗೆ ಅರ್ಥವಾಗುತ್ತದೆ. ಮಾರುವವರು ಬಹಳ ಸಲ ಒಂದೇ ಓಣಿಯವರು, ಒಂದೇ ಕಾರ್ಖಾನೆಯಲ್ಲಿ ಕೂಡಿ ದುಡಿದವರು, ದೂರದ ಬೀಗರು. ಎಂಜಿನಿಯರ್ ಕರೆತರುತ್ತೇನೆ ಎಂದರೆ "ನಮ್ಮ ಮ್ಯಾಲ ನಂಬಿಗಿ ಇಲ್ಲೇನಪಾ?" ಎಂಬ ಮಾತು ಬರುತ್ತದೆ. ಮುಖ ಮುರಿಯುವುದು ಬೇಡ ಎಂದು ಸುಮ್ಮನಾಗುತ್ತೇವೆ. ಮಾರುವವರ ಹೆದರಿಕೆಯೂ ಸುಳ್ಳಲ್ಲ: ಸಣ್ಣ ಕಲೆ ತೋರಿಸಿ ದರ ಕಡಿಮೆ ಮಾಡಿಸುವವರು ಇದ್ದಾರೆ, ಇಸಾರ ಕೊಟ್ಟು ತಿಂಗಳುಗಟ್ಟಲೆ ಎಳೆಯುವವರೂ ಇದ್ದಾರೆ. ಗಂಡನನ್ನು ಕಳೆದುಕೊಂಡು ಮಗಳ ಮದುವೆಗೆಂದು ಮನೆ ಮಾರುವ ಹೆಣ್ಣುಮಗಳಿಗೆ ಪ್ರತಿ ದಿನವೂ ಭಾರ. ಅದಕ್ಕೇ ಆ ಸಾಲಿನಲ್ಲಿ ದಿನಗಳ ಮಿತಿ ಇದೆ, ಖರ್ಚು ಕೊಳ್ಳುವವರ ಮೇಲಿದೆ, ಭದ್ರತೆಗೆ ಧಕ್ಕೆ ತರುವ ದೋಷ ಎಂಬ ಗಡಿ ಇದೆ, ಬರಹದ ವರದಿ ಬೇಕು ಎಂದಿದೆ. ಬಣ್ಣ ಮಾಸಿದ್ದಕ್ಕೆ, ನಲ್ಲಿ ಸೋರಿದ್ದಕ್ಕೆ ಯಾರೂ ಇಸಾರ ವಾಪಸ್ ಕೇಳುವಂತಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಮನೆ ನೋಡಲು ಹೋಗುವವರು ಹೆಚ್ಚಾಗಿ ಗಂಡಸರು. ಈಗ ಎಷ್ಟೋ ಖರೀದಿ ಪತ್ರಗಳು ಹೆಂಡತಿಯ ಹೆಸರಿನಲ್ಲಿ ಆಗುತ್ತವೆ, ಆಕೆ ಮಾತ್ರ ಮನೆಯನ್ನು ಮೊದಲ ಸಲ ನೋಡುವುದು ಹಾಲು ಉಕ್ಕಿಸುವ ದಿನ. ಬೋರಿನ ನೀರು ಎಷ್ಟು ಗಡಸು, ಬೇಳೆ ಬೇಯುತ್ತದೆಯೇ, ಹಂಡೆಯ ಒಳಗೆ ಬಿಳಿ ಪೊರೆ ಎಷ್ಟು ಕಟ್ಟುತ್ತದೆ, ಬಚ್ಚಲ ನೀರು ಎಲ್ಲಿ ನಿಲ್ಲುತ್ತದೆ, ಅಡುಗೆಮನೆಯ ಗೋಡೆ ಮಳೆಗಾಲದಲ್ಲಿ ಹಸಿ ಏರುತ್ತದೆಯೇ ಎಂದು ಆಕೆ ಮಾರುವವರ ಮನೆಯ ಹೆಣ್ಣುಮಗಳ ಜೊತೆ ಹತ್ತು ನಿಮಿಷ ಮಾತಾಡಿ ತಿಳಿದುಕೊಳ್ಳುತ್ತಾಳೆ. ಸುಣ್ಣಕಲ್ಲಿನ ನೆಲದ ನೀರಿನ ಬಗ್ಗೆ ಯಾವ ಎಂಜಿನಿಯರ್ ವರದಿಗಿಂತಲೂ ಆ ಮಾತು ಬೇಗ ಉಪಯೋಗಕ್ಕೆ ಬರುತ್ತದೆ.

ಮಾರುವವರಿಗೂ ಒಂದು ವಿನಂತಿ. ಮನೆಯಲ್ಲಿ ಏನೂ ದೋಷ ಇಲ್ಲ ಎಂಬ ಭರವಸೆ ಇದ್ದರೆ, ಸ್ಕಾಟ್ಲೆಂಡಿನವರ ಹಾಗೆ ನೀವೇ ಮೊದಲು ಎಂಜಿನಿಯರ್ ಕರೆಸಿ ವರದಿ ಬರೆಸಿ ಇಟ್ಟುಕೊಳ್ಳಿ. ಕಲಬುರಗಿಯಲ್ಲಿ 1958ರಿಂದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಇದೆ, ಅಲ್ಲಿ ಓದಿದ ಸಿವಿಲ್ ಎಂಜಿನಿಯರುಗಳು ನಮ್ಮ ತಾಲ್ಲೂಕುಗಳಲ್ಲೇ ಕೆಲಸ ಮಾಡುತ್ತಿದ್ದಾರೆ. ಉತಾರ, ರಸೀದಿಯ ಝೆರಾಕ್ಸ್ ಜೊತೆಗೆ ಆ ವರದಿಯ ಝೆರಾಕ್ಸನ್ನೂ ಗಿರಾಕಿಯ ಕೈಗೆ ಕೊಡಿ. ಪಾಯ ತೋಡುವಾಗ ತೆಗೆದ ಫೋಟೊ, ಮಾಳಿಗೆ ರಿಪೇರಿಯ ಬಿಲ್ಲು, ಕಟ್ಟಿದ ಗೌಂಡಿಯ ಫೋನ್ ನಂಬರ್ ಇದ್ದರೆ ಅವನ್ನೂ ಕೊಡಿ. ದರದ ಮಾತು ಆಮೇಲೆ ಶುರುವಾಗಲಿ.